ಹಾನ್ ಸಾಹೇಬರ ಅಕ್ಕ

ಲೋಲಾಕ್ಷಿ ತುಳಸಿ ಎಲೆಯನ್ನು ನೀರಿಗೆ ಅದ್ದಿ ಮತ್ತೊಮ್ಮೆ ಗಂಡನ ತುಟಿಗೆ ಒತ್ತಿದಳು. ನೀರು ಒಳಗೆ ಹೋಗಲಿಲ್ಲ. ಶವಾಗಾರದ ಪೆಟ್ಟಿಗೆಯಲ್ಲಿ ಮೂರು ದಿನ ಮಲಗಿ ಬಂದ ಬಾಯಿ, ಇನ್ನು ತೆರೆಯುವುದುಂಟೇ? ಹನಿ ಗಲ್ಲದಿಂದ ಇಳಿದು ಕತ್ತಿನ ಮಡಿಕೆಗೆ ಸೇರಿತು. ಅವಳು ಸೆರಗಿನ ತುದಿಯಿಂದ ಒರೆಸಿ ಮತ್ತೆ ಎಲೆ ಅದ್ದಿದಳು.

“ಸಾಕು ಅಕ್ಕ, ತುಟಿಗೆ ತಾಗಿದ್ರೆ ಆಯ್ತು,” ಅಂದ ಲತೇಶ್. “ಇಲ್ಲಿಯವರು ಬೇಗ ಬೇಗ ಅಂತಿದ್ದಾರೆ. ನಮ್ಮ ಹಿಂದೆ ಇನ್ನೊಂದು ಬಾಡಿ ಉಂಟಂತೆ.”

ಲತೇಶ್ ಪಡುಬಿದ್ರಿಯವನು. ಅಬುಧಾಬಿಯಿಂದ ದೂರದ ರುವೈಸಿನ ಕಾರ್ಖಾನೆ ಕ್ಯಾಂಪಿನ ಮೆಸ್ಸಿನಲ್ಲಿ ಅವಳ ಗಂಡ ಸರ್ವೋತ್ತಮನ ಕೈಕೆಳಗೆ ಸೌಟು ಹಿಡಿಯಲು ಕಲಿತವನು. ಸಾವಿನ ಸುದ್ದಿ ಮುಟ್ಟಿಸಿದವನೂ ಅವನೇ. ಮುಟ್ಟಿಸಿದ್ದು ಅಂದರೆ ಗಲ್ಫಿನ ರೀತಿಯಲ್ಲಿ. ಮೊದಲು ಫೋನ್ ಮಾಡಿ “ಸರ್ವಣ್ಣನಿಗೆ ಸ್ವಲ್ಪ ಹುಷಾರಿಲ್ಲ ಅಕ್ಕ” ಅಂದ. ಸ್ವಲ್ಪ ಹೊತ್ತು ಬಿಟ್ಟು “ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೇವೆ” ಅಂದ. ಆಮೇಲೆ “ಐಸಿಯುನಲ್ಲಿ ಇಟ್ಟಿದ್ದಾರೆ” ಅಂದ. ಸಾವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ಇಲ್ಲಿಯ ಪದ್ಧತಿ. ಸಮುದ್ರದ ಈಚೆ ಒಬ್ಬರೇ ಕುಳಿತು ಸುದ್ದಿ ಕೇಳುವವರು ಒಮ್ಮೆಲೇ ನೆಲಕ್ಕೆ ಬಿದ್ದುಬಿಡಬಾರದು ಎಂದು ಯಾರೋ ಪುಣ್ಯಾತ್ಮರು ಶುರು ಮಾಡಿದ್ದು. ಲೋಲಾಕ್ಷಿಗೆ ಮೊದಲನೆಯ ಫೋನಿಗೇ ಗೊತ್ತಾಗಿತ್ತು. ಆದರೂ ಪಾಪ ಹುಡುಗ ಇಷ್ಟು ಕಷ್ಟಪಡುತ್ತಿದ್ದಾನಲ್ಲ ಎಂದು ಮೂರೂ ಫೋನಿಗೆ “ಹೌದಾ, ಹೌದಾ” ಎಂದು ಹೇಳುತ್ತ ಕೂತಿದ್ದಳು.

ಅಬುಧಾಬಿಯ ಆ ಶ್ಮಶಾನದ ಹಾಲಿನಲ್ಲಿ ಸೇರಿದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಮೆಸ್ಸಿನ ಹುಡುಗರು, ಟೂರಿಸ್ಟ್ ಕ್ಲಬ್ ಏರಿಯಾದ ಫ್ಲಾಟಿನ ಅಕ್ಕಪಕ್ಕದವರು, ಹಮ್ದಾನ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಭಟ್ಕಳದ ಇಸ್ಮತುಲ್ಲಾ. ಸರ್ವೋತ್ತಮ ಈ ದೇಶಕ್ಕೆ ಬಂದಿಳಿದ ವರ್ಷ ಒಂದೇ ಕೋಣೆಯಲ್ಲಿ ಎರಡಂತಸ್ತಿನ ಮಂಚದ ಮೇಲೆ ಕೆಳಗೆ ಮಲಗಿದವರು ಅವರಿಬ್ಬರು. ದುಬೈಯಲ್ಲಿ ಕೆಲಸದಲ್ಲಿದ್ದ ಮಗಳು ಅಶ್ಮಿತಾ ತಾಯಿಯ ಹೆಗಲು ಬಿಡದೆ ನಿಂತಿದ್ದಳು.

“ಒಬ್ಬರಿಗೆ ಒಂದು ಕೆಟ್ಟ ಮಾತು ಆಡಿದ ಮನುಷ್ಯ ಅಲ್ಲ ಮಾರ್ರೆ,” ಎಂದರು ಪಕ್ಕದ ಫ್ಲಾಟಿನವರು.

“ಆಡುದೆಲ್ಲಿಂದ? ಹುಡುಗರನ್ನು ಕೆಲಸದಿಂದ ತೆಗೀಬೇಕಾದ್ರೂ ಅವರ ಬಾಯಿಂದ ಬರುದಿಲ್ಲ. ನನ್ನ ಹತ್ರ ಹೇಳ್ಸುದು,” ಎಂದ ಲತೇಶ್, ಅಳುತ್ತಲೇ ನಕ್ಕು.

ಅಷ್ಟರಲ್ಲಿ ಬಾಗಿಲ ಬಳಿ ಕರಿಯ ಸೂಟು ತೊಟ್ಟ ಮುದುಕರೊಬ್ಬರು ಕಾಣಿಸಿದರು. ಬಿಳಿಯ ತಲೆ, ಸಣ್ಣ ಕಣ್ಣು. ಶೂ ಕಳಚಿಟ್ಟು ನೇರ ಬಂದು, ಹೆಣದ ಕಾಲ ಬಳಿ ಮೊಣಕಾಲೂರಿ, ಹಣೆ ನೆಲಕ್ಕೆ ತಾಗಿಸಿ ಬಿದ್ದರು. ಎದ್ದರು, ಮತ್ತೊಮ್ಮೆ ಬಿದ್ದರು. ಎಲ್ಲರೂ ಬೆರಗಾಗಿ ಹಿಂದೆ ಸರಿದರು.

“ಯಾರಪ್ಪ ಇವರು? ಚೀನಾದವರಾ?”

“ಅಲ್ಲ, ಕೊರಿಯಾದವರು. ಹಾನ್ ಸರ್,” ಎಂದ ಲತೇಶ್. “ಪ್ಲಾಂಟಿನಲ್ಲಿ ದೊಡ್ಡ ಇಂಜಿನಿಯರ್ ಆಗಿದ್ದವರು. ನಮ್ಮ ಮೆಸ್ಸಿನಲ್ಲೇ ಊಟ ಇವರದ್ದು.”

ಲೋಲಾಕ್ಷಿಯ ಕೈಯಲ್ಲಿದ್ದ ತುಳಸಿ ಕೆಳಗೆ ಬಿತ್ತು. ಮುಖ ನೋಡಿದ್ದು ಇವತ್ತೇ ಆದರೂ ಹೆಸರು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಮನುಷ್ಯ ಇವತ್ತು ಬಾರದೆ ಇದ್ದಿದ್ದರೆ ಆಗುತ್ತಿತ್ತು ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು.

ಹಾನ್ ಸಾಹೇಬರು ಅವಳ ಮುಂದೆ ತಲೆಬಾಗಿ ನಿಂತು ಇಂಗ್ಲಿಷಿನಲ್ಲಿ ಏನೋ ಹೇಳಿದರು.

“ಪಪ್ಪ ಇವರಿಗೆ ಬ್ರದರ್ ಥರ ಅಂತೆ ಅಮ್ಮ,” ಎಂದಳು ಅಶ್ಮಿತಾ. “ನಿನ್ನ ಹತ್ರ ಏನೋ ಕೇಳ್ಬೇಕಂತೆ. ಇವತ್ತೇ. ವೆರಿ ಅರ್ಜೆಂಟ್ ಅಂತಿದ್ದಾರೆ.”

ಲೋಲಾಕ್ಷಿ ತಲೆಯಾಡಿಸಿದಳು. ಹುಡುಗರು ಹೆಣ ಎತ್ತಿದರು. ಕಬ್ಬಿಣದ ಬಾಗಿಲು ತೆರೆಯಿತು, ಮುಚ್ಚಿತು. ಇಪ್ಪತ್ತೆಂಟು ವರ್ಷ ಪರದೇಶದಲ್ಲಿ ಇನ್ನೊಬ್ಬರಿಗೆ ಬೇಯಿಸಿ ಹಾಕಿದವನ ಕತೆ ಅಲ್ಲಿಗೆ ಮುಗಿಯಬೇಕಿತ್ತು.

*

ಒಂಬತ್ತು ವರ್ಷದ ಹಿಂದೆ ಒಂದು ಶುಕ್ರವಾರ ಮಧ್ಯಾಹ್ನ ಸರ್ವೋತ್ತಮ ಫ್ಲಾಟಿನ ನೆಲದ ಮೇಲೆ ಕಾಲು ಚಾಚಿ ಕೂತು, ಮೀನಿನ ಮುಳ್ಳು ಬಿಡಿಸುತ್ತ, ಉಣ್ಣದೆ ಸುಮ್ಮನಿದ್ದ. ರುವೈಸಿನಿಂದ ವಾರಕ್ಕೊಮ್ಮೆ ಮನೆಗೆ ಬರುವವನು. ಬಂದ ದಿನ ಬಂಗುಡೆ ಸಾರು ಕಂಡರೆ ಎರಡು ಸಲ ಅನ್ನ ಹಾಕಿಸಿಕೊಳ್ಳುವವನು.

“ಎಂತಾಯ್ತು? ಉಪ್ಪು ಹೆಚ್ಚಾಯ್ತಾ?” ಕೇಳಿದಳು ಲೋಲಾಕ್ಷಿ.

“ಒಂದು ಎಡವಟ್ಟು ಮಾಡಿದ್ದೇನೆ ಮಾರಾಯ್ತಿ.”

ಆ ಕ್ಯಾಂಪಿನ ಅಡುಗೆಮನೆಗೆ ಎರಡು ಕಿಟಕಿ. ಒಂದು ಕಿಟಕಿಯ ಆಚೆ ದಕ್ಷಿಣ ಕೊರಿಯಾದ ಇಂಜಿನಿಯರುಗಳು, ಫೋರ್‌ಮನ್ನುಗಳು. ಇನ್ನೊಂದರ ಆಚೆ ಉತ್ತರ ಕೊರಿಯಾದ ಕೂಲಿಗಳು, ಅವರ ಹಿಂದೆ ಸದಾ ಒಬ್ಬ ಕಾವಲುಗಾರ. ಇಬ್ಬರ ಮಾತೂ ಒಂದೇ, ಇಬ್ಬರಿಗೂ ಬೇಕಾದದ್ದು ಒಂದೇ ಡ್ರಮ್ಮಿನ ಎಲೆಕೋಸಿನ ಹುಳಿ ಉಪ್ಪಿನಕಾಯಿ. ಆದರೆ ಈಚೆಯವರು ಆಚೆಯವರ ಜೊತೆ ಮಾತಾಡಿದರೆ ಅವರವರ ಸರ್ಕಾರ ಸುಮ್ಮನೆ ಬಿಡುವುದಿಲ್ಲ. ಎರಡೂ ಕಡೆ ಓಡಾಡಲು ಅವಕಾಶ ಇದ್ದದ್ದು ನಡುವೆ ಬೇಯಿಸುತ್ತಿದ್ದ ಈ ಕಾಪುವಿನ ಸರ್ವೋತ್ತಮನಿಗೆ ಮಾತ್ರ.

“ಆ ದೇಶ ಎರಡಾದದ್ದು ಹೇಗೆ ಗೊತ್ತುಂಟಾ?” ಎಂದು ಸರ್ವೋತ್ತಮ ಹೆಂಡತಿಗೆ ವಿವರಿಸಿದ್ದ. “ಮನೆಯವರನ್ನು ಕೇಳದೆ ನೆರೆಯವರಿಬ್ಬರು ಬಂದು ಹಗ್ಗ ಹಿಡಿದು ಮನೆ ಪಾಲು ಮಾಡಿದ್ದು. ಒಬ್ಬ ಅಮೆರಿಕದವ, ಒಬ್ಬ ರಷ್ಯಾದವ. ಆ ದೊಡ್ಡ ಯುದ್ಧ ಮುಗಿದು ಜಪಾನಿನವ ಓಡಿದ್ದೇ ತಡ, ಇದು ನಿನಗೆ, ಇದು ನನಗೆ ಅಂತ. ಆಮೇಲೆ ಆ ಹಗ್ಗಕ್ಕಾಗಿ ಒಳಗಿನವರೇ ಕಡಿದಾಡಿ ಲಕ್ಷಗಟ್ಟಲೆ ಸತ್ತರು. ಹಗ್ಗ ಈಗಲೂ ಅಲ್ಲೇ ಉಂಟು.”

ಹಾನ್ ಸಾಹೇಬರ ತಂದೆತಾಯಿ ಉತ್ತರದವರು. ಆ ಕಡಿದಾಟದ ಚಳಿಗಾಲದಲ್ಲಿ ಅಮೆರಿಕದ ಹಡಗುಗಳು ಜನರನ್ನು ತುಂಬಿಕೊಂಡು ದಕ್ಷಿಣಕ್ಕೆ ಹೊರಟಾಗ ಇವರೂ ಹತ್ತಿದರು. ನಾಲ್ಕು ವರ್ಷದ ಮಗಳು ಸುನ್ ಓಕ್‌ಗೆ ಜ್ವರ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟರು. ಒಂದು ವಾರದಲ್ಲಿ ತಿರುಗಿ ಬರುವ ಲೆಕ್ಕ. ಆ ವಾರ ಮುಗಿಯಲೇ ಇಲ್ಲ. ಹಾನ್ ಸಾಹೇಬರು ಹುಟ್ಟಿದ್ದೇ ಆಮೇಲೆ, ದಕ್ಷಿಣದಲ್ಲಿ. ತೊಂಬತ್ತರ ಹತ್ತಿರದ ತಾಯಿ ಇನ್ನೂ ಅದೇ ಮಾತು: ಮಗಳು ಬದುಕಿದ್ದಾಳಾ ಸತ್ತಿದ್ದಾಳಾ, ಅಷ್ಟು ಹೇಳಿ ಸಾಕು. ಹಾನ್ ಸಾಹೇಬರು ಒಂದು ದಿನ ಸರ್ವೋತ್ತಮನ ಕೈ ಹಿಡಿದುಕೊಂಡು ಬೇಡಿದ್ದರು: ಆ ಕಿಟಕಿಯ ಆಚೆ ನಮ್ಮ ಊರಿನ ಕಡೆಯವರು ಯಾರಾದರೂ ಇದ್ದರೆ ಒಮ್ಮೆ ಕೇಳಿ ನೋಡು.

“ಕೇಳಿದೆ,” ಎಂದ ಸರ್ವೋತ್ತಮ. “ರೀ ಅಂತ ಒಬ್ಬ ಇದ್ದಾನೆ, ಸೂಪಿನ ಡ್ರಮ್ ಕೊಂಡು ಹೋಗ್ಲಿಕ್ಕೆ ಹಿಂಬಾಗಿಲಿಗೆ ಬರ್ತಾನೆ. ಅವರ ಗ್ಯಾಂಗಿನಲ್ಲಿ ಅದೇ ಊರಿನವ ಒಬ್ಬ ಉಂಟಂತೆ. ಮೊನ್ನೆ ಬಂದು ಹೇಳಿದ. ತೀರಿಹೋಗಿದ್ದಾಳೆ. ಇಪ್ಪತ್ತು ವರ್ಷ ಆಯ್ತು. ಅಲ್ಲಿ ಬರಗಾಲ ಬಂದಿತ್ತಲ್ಲ, ಆವಾಗ. ಮಕ್ಕಳಿಗೆ ಕೊಟ್ಟು ಕೊಟ್ಟು ತಾನು ತಿನ್ನದೆ ಹೋದದ್ದು. ಮಕ್ಕಳೂ ಉಳೀಲಿಲ್ಲ.”

“ಅಯ್ಯೋ. ಅವರಿಗೆ ಹೇಳಿದ್ರಾ?”

“ಹೇಳ್ಲಿಕ್ಕೆ ಹೋದೆ. ಒಮ್ಮೆಲೇ ಹೇಗೆ ಹೇಳುದು? ಮೊದ್ಲು ‘ಸಿಕ್ಕಿದ್ದಾರೆ, ಹುಷಾರಿಲ್ಲ’ ಅಂದೆ. ಬರುವ ವಾರ ‘ಜೋರುಂಟು’ ಅನ್ನುವ, ಆಮೇಲೆ ಉಳಿದದ್ದು ಅಂತ.” ಅವನು ತಟ್ಟೆಯನ್ನು ದೂಡಿದ. “ಮಾರಾಯ್ತಿ, ಆ ಮನುಷ್ಯ ಮುಂದಿನದ್ದು ಕೇಳ್ಲಿಕ್ಕೆ ನಿಂತ್ರೆ ತಾನೇ? ಎಲ್ಲರ ಎದುರು ನನ್ನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತರು. ಅಲ್ಲಿಂದಲೇ ತಾಯಿಗೆ ಫೋನು. ಆ ಮುದುಕಿ ಫೋನಿನಲ್ಲಿ ಕಿರುಚಿದ್ದು ನನಗೆ ನಿಂತಲ್ಲಿಗೇ ಕೇಳಿತು.”

“ನಾಳೆಯೇ ಹೋಗಿ ಸರಿ ಹೇಳಿಬಿಡಿ.”

“ನಾಳೆ ಬೇಡ. ಬರುವ ವಾರ.”

ಲೋಲಾಕ್ಷಿಗೆ ಸಿಟ್ಟು ನೆತ್ತಿಗೇರಿತ್ತು. ಅವಳ ಅಪ್ಪ ತೀರಿಕೊಂಡಾಗಲೂ ಇವನು ಮಾಡಿದ್ದು ಇದನ್ನೇ. ‘ಮಾವನಿಗೆ ಉಸಿರಾಟ ಸ್ವಲ್ಪ ಕಷ್ಟ, ಹೋಗಿ ನೋಡಿ ಬಾ’ ಎಂದು ವಿಮಾನ ಹತ್ತಿಸಿದ್ದ. ಅವಳು ಅಪ್ಪನಿಗೆಂದು ಖರ್ಜೂರದ ಪೊಟ್ಟಣ, ಉಣ್ಣೆಯ ಶಾಲು ಹಿಡಿದು ಅಂಗಳಕ್ಕೆ ಕಾಲಿಟ್ಟರೆ ಅಪ್ಪ ಸುಟ್ಟು ಬೂದಿಯಾಗಿ ಎರಡು ದಿನ. ಆ ಶಾಲನ್ನು ಅಂಗಳದಲ್ಲೇ ಬಿಸಾಡಿದ್ದಳು. “ನಿಮಗೆ ಹೆದರಿಕೆ,” ಎಂದಳು ಈಗ. “ಅದಕ್ಕೆ ಕರುಣೆ ಅಂತ ಹೆಸರಿಟ್ಟುಕೊಂಡಿದ್ದೀರಿ.”

ಸರ್ವೋತ್ತಮ ಕೈ ತೊಳೆಯಲು ಎದ್ದ.

*

ಶ್ಮಶಾನದ ಹೊರಗೆ ಬೇವಿನ ಮರದಡಿ ಒಂದು ಬೆಂಚು. ಡಿಸೆಂಬರಿನ ಹಿತವಾದ ಬಿಸಿಲು. ಒಳಗೆ ಉರಿ ಮುಗಿಯುವವರೆಗೆ ಕಾಯಬೇಕು. ಲೋಲಾಕ್ಷಿ, ಅಶ್ಮಿತಾ ಒಂದು ಕಡೆ, ಹಾನ್ ಸಾಹೇಬರು ಇನ್ನೊಂದು ಕಡೆ. ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತಿದ್ದರು. ಮಗಳು ತಾಯಿಗೆ ಕನ್ನಡ ಮಾಡುತ್ತಿದ್ದಳು.

“ಪಪ್ಪ ಇವರ ಸಿಸ್ಟರನ್ನು ಹುಡುಕಿ ಕೊಟ್ರಂತೆ. ನಾರ್ತ್ ಕೊರಿಯಾದಲ್ಲಿ. ವಾವ್, ನೀನು ನಂಗೆ ಹೇಳ್ಲೇ ಇಲ್ಲ!” ಅಶ್ಮಿತಾಳ ಅತ್ತ ಕಣ್ಣಿನಲ್ಲಿ ಹೆಮ್ಮೆ ಬಂದಿತ್ತು. “ಆ ವರ್ಕರ್ಸನ್ನೆಲ್ಲ ವಾಪಸ್ ಕಳಿಸಿದ ಮೇಲೂ ಪಪ್ಪನಿಗೆ ಹೇಗೋ ನ್ಯೂಸ್ ಬರ್ತಿತ್ತಂತೆ. ತಿಂಗಳಿಗೊಮ್ಮೆ ಹೇಳ್ತಿದ್ರಂತೆ. ಇವರು ಅದನ್ನು ಅವರ ಅಮ್ಮನಿಗೆ ಹೇಳೋದು.”

“ಎಂತ ನ್ಯೂಸು?” ಕೇಳಿದಳು ಲೋಲಾಕ್ಷಿ.

ಹಾನ್ ಸಾಹೇಬರು ಮುಗುಳ್ನಕ್ಕರು. ಆ ಅಕ್ಕನ ವಿಷಯ ಹೇಳುವುದೆಂದರೆ ಅವರಿಗೆ ಸಂತೋಷ, ಅದು ಮುಖದಲ್ಲೇ ಕಾಣುತ್ತಿತ್ತು.

“ಅವರಿಗೆ ಮಂಡಿನೋವಂತೆ. ಸ್ಟೆಪ್ಸ್ ಇಳಿಯುವಾಗ ಅಡ್ಡ ಅಡ್ಡ ಇಳೀತಾರಂತೆ, ಏಡಿ ಥರ,” ಎಂದಳು ಅಶ್ಮಿತಾ. “ತಗಡಿನ ಡಬ್ಬದಲ್ಲಿ ಮೆಣಸಿನ ಗಿಡ ಇಟ್ಟಿದ್ದಾರಂತೆ. ಕಾಯಿ ಬಿಡದೆ ಇದ್ರೆ ಅದಕ್ಕೆ ಬೈತಾರಂತೆ.” ಅವಳ ಮಾತು ಸ್ವಲ್ಪ ನಿಧಾನವಾಯಿತು. “ಗಂಡ ಊರಲ್ಲಿ ಇಲ್ಲದ ದಿನ ಬರೀ ಗಂಜಿ, ಉಪ್ಪಿನಕಾಯಿ ಉಂಡು, ಕೇಳಿದ್ರೆ ಮೀನು ಮಾಡಿದ್ದೆ ಅಂತ ಸುಳ್ಳು ಹೇಳ್ತಾರಂತೆ. ಗಂಡನಿಗೆ ಗೊತ್ತುಂಟಂತೆ. ಆದ್ರೆ ಗೊತ್ತುಂಟು ಅಂತ ಹೇಳುದಿಲ್ಲವಂತೆ.”

ಲೋಲಾಕ್ಷಿ ಬೆಂಚಿನ ಅಂಚು ಹಿಡಿದುಕೊಂಡಳು.

“ಮಗಳು ಬೇರೆ ಊರಲ್ಲಿ ಕೆಲಸದಲ್ಲಿದ್ದಾಳಂತೆ. ಬಂದು ಹೋದ್ರೆ…” ಅಶ್ಮಿತಾ ತಡೆದಳು. ಹಾನ್ ಸಾಹೇಬರ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. “ಮಗಳು ಬಂದು ಹೋದ್ರೆ ಅವಳ ತಲೆದಿಂಬಿನ ಕವರ್ ಒಂದು ವಾರ ಒಗೆಯುದಿಲ್ಲವಂತೆ. ಅಮ್ಮ?”

ಲೋಲಾಕ್ಷಿ ಗಂಡನ ಉರಿ ನಡೆಯುತ್ತಿದ್ದ ಕಟ್ಟಡದ ಕಡೆ ತಿರುಗಿದಳು. ಅಯ್ಯೋ ದೇವರೇ, ಈ ಮನುಷ್ಯ! ಮನೆಗೆ ಬಂದರೆ ನಾಲ್ಕು ಮಾತು ಸರಿಯಾಗಿ ಆಡದೆ ಟಿವಿ ಮುಂದೆ ನಿದ್ದೆ ಹೋಗುತ್ತಿದ್ದವನು, ಹೊಸ ಸೀರೆ ಉಟ್ಟರೂ ಕಣ್ಣೆತ್ತಿ ನೋಡದವನು, ಇದನ್ನೆಲ್ಲ ಯಾವಾಗ ನೋಡಿದ? ದಿಂಬಿನ ವಿಷಯ ಅವಳು ಯಾರಿಗೂ ಹೇಳಿದವಳಲ್ಲ. ತಾನು ಈ ಮರಳುಗಾಡಿನ ಮೂರನೇ ಮಹಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕಿದೆ ಎಂದು ಅವಳು ಎಷ್ಟು ಸಲ ಕೊರಗಿದ್ದಳು. ಅದೇ ಬದುಕನ್ನು ಅವನು ತಿಂಗಳು ತಿಂಗಳು ಒಬ್ಬ ಸತ್ತ ಹೆಂಗಸಿಗೆ ಕೊಟ್ಟಿದ್ದ. ಒಂದು ಸಲ ಅವಳೇ ತಮಾಷೆಗೆ ಕೇಳಿದ್ದಳು, “ನಿಮ್ಮ ಕೊರಿಯಾದ ಆ ಅಕ್ಕ ಹೇಗಿದ್ದಾಳೆ ಈಗ?” ಅಂತ. ಅವನು “ಮಂಡಿನೋವು” ಎಂದಿದ್ದ. ಅವಳು ನಕ್ಕಿದ್ದಳು. ಅಷ್ಟಕ್ಕೇ ಬಿಟ್ಟಿದ್ದಳು. ಆ ನಗು ಈಗ ಅವಳ ಎದೆಗೆ ಒದೆಯಿತು.

ಹಾನ್ ಸಾಹೇಬರು ಇನ್ನೂ ಹೇಳುತ್ತಿದ್ದರು. ಅಶ್ಮಿತಾ ಬಲವಂತದಿಂದ ಕನ್ನಡಿಸಿದಳು.

“ಅವರಲ್ಲಿ ಹೊಸ ವರ್ಷದ ದಿನ ಸತ್ತವರಿಗೆ ಅನ್ನ ಇಡ್ತಾರಂತೆ. ಇವರ ಅಮ್ಮ ಯಾವಾಗ್ಲೂ ಒಂದು ಸಣ್ಣ ಬಟ್ಟಲು ಎಕ್ಸ್‌ಟ್ರಾ ಇಡ್ತಿದ್ರು, ಮಗಳು ಸತ್ತಿದ್ರೆ ಹಸಿದಿರಬಾರದು ಅಂತ. ಪಪ್ಪ ಹೇಳಿದ ಮೇಲೆ ಅದನ್ನು ಎತ್ತಿಬಿಟ್ರಂತೆ. ಬದುಕಿರುವವರಿಗೆ ಇಟ್ರೆ ಕೆಟ್ಟದ್ದಲ್ವಾ. ಆ ದಿನ ಅಮ್ಮ ಕುಣಿದ್ರಂತೆ.”

“ಈಗ ಅಮ್ಮ?”

“ಹೋದ ಚಳಿಗಾಲ ತೀರಿಕೊಂಡ್ರು. ಅವಳನ್ನು ಕರ್ಕೊಂಡು ಬಾ ಅಂತ ಹೇಳಿ ಹೋದ್ರಂತೆ.” ಅಶ್ಮಿತಾ ಮುಂದುವರಿಸಿದಳು. “ಬರುವ ವಾರ ಇವರು ಚೀನಾದ ಬಾರ್ಡರಿಗೆ ಹೋಗ್ತಾರೆ. ಅಲ್ಲಿ ಒಂದು ನದಿ ಉಂಟಂತೆ, ಈಗ ಐಸ್ ಆಗಿರ್ತದೆ. ಅಕ್ಕನನ್ನು ದಾಟಿಸ್ಲಿಕ್ಕೆ ಒಬ್ಬ ಸಿಕ್ಕಿದ್ದಾನಂತೆ. ಅವರಿಗೆ ನಡೀಲಿಕ್ಕೆ ಆಗುದಿಲ್ಲ ಅಲ್ವಾ, ನಾನೇ ಬೆನ್ನ ಮೇಲೆ ಹೊತ್ಕೊಂಡು ಬರ್ತೇನೆ ಅಂತಿದ್ದಾರೆ. ಅಕ್ಕ ಇರುವ ಜಾಗ ಗೊತ್ತಾಗ್ಲಿಕ್ಕೆ ಪಪ್ಪನಿಗೆ ನ್ಯೂಸ್ ತರ್ತಿದ್ದವರ ಹೆಸರು ಬೇಕಂತೆ. ಮೇಡಮ್‌ಗೆ ಗೊತ್ತಿರ್ಬೇಕು ಅಂತಿದ್ದಾರೆ.”

ಎಪ್ಪತ್ತರ ಮುದುಕ, ಬೆನ್ನ ಮೇಲೆ ಹೊರುವ ಮಾತಾಡುತ್ತಿದ್ದಾನೆ. ಹೊರುವುದು ಯಾರನ್ನು? ಗಡಿಯಲ್ಲಿ ಸಿಕ್ಕಿಬಿದ್ದರೆ ಗುಂಡು, ಇಲ್ಲದಿದ್ದರೆ ಜೈಲು. ಲೋಲಾಕ್ಷಿ ಬಾಯಿ ತೆರೆದಳು. ಹಿಂದೆ ಚಿಮಣಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಅದರ ಎದುರು ಕೂತು ಆ ಮಾತು ಬರಲಿಲ್ಲ.

“ಮನೆಗೆ ಬರ್ಲಿಕ್ಕೆ ಹೇಳು,” ಎಂದಳು. “ಮನೆಯಲ್ಲಿ ಹೇಳ್ತೇನೆ.”

*

ಇಸ್ಮತುಲ್ಲಾ ಕಾರು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ತಾಯಿ, ಮಗಳು. ಲತೇಶನ ವ್ಯಾನಿನಲ್ಲಿ ಹಾನ್ ಸಾಹೇಬರು ಹಿಂದೆ ಬರುತ್ತಿದ್ದರು.

“ಅದು ನೀನು ಅಲ್ವಾ ಅಮ್ಮ?” ಎಂದಳು ಅಶ್ಮಿತಾ. “ದಟ್ ವುಮನ್. ಆ ಮೆಣಸಿನ ಗಿಡ, ಆ ಮಂಡಿ. ಅವರ ಸಿಸ್ಟರ್ ಎಲ್ಲಿ?”

“ಇಲ್ಲ. ಪಪ್ಪ ಕೇಳುವ ಮೊದ್ಲೇ ಸತ್ತಿದ್ದಾಳೆ.”

ಅಶ್ಮಿತಾ ಕಿಟಕಿಯ ಕಡೆ ತಿರುಗಿ ಕೂತಳು. ಸ್ವಲ್ಪ ಹೊತ್ತಿನ ಮುಂಚೆ ಆ ಕಣ್ಣಿನಲ್ಲಿದ್ದ ಹೆಮ್ಮೆ ಎಲ್ಲಿ ಹೋಯಿತೋ.

“ಭಾಭಿ,” ಎಂದ ಇಸ್ಮತುಲ್ಲಾ. “ನಂಗೆ ಗೊತ್ತುಂಟು ಈ ವಿಷಯ. ಸರ್ವೋತ್ತಮ ಭಾಯಿ ನನ್ನ ಅಂಗಡಿಗೆ ಬಂದು ಕೂತ್ಕೊಳ್ತಿದ್ರು, ಹೇಗೆ ಹೇಳುದು ಇಸ್ಮತ್, ಹೇಗೆ ಹೇಳುದು ಅಂತ. ಭಾಯಿಗೆ ಹಾರ್ಟ್ ಪ್ರಾಬ್ಲಮ್ ಅಂತ ಡಾಕ್ಟರ್ ಹೇಳಿದ್ದೂ ನಂಗೆ ಗೊತ್ತಿತ್ತು. ನಿಮ್ಮ ಹತ್ರ ಹೇಳ್ಬೇಡ ಅಂತ ಆಣೆ ಹಾಕಿಸಿದ್ರು.”

“ಅದೂ ಉಂಟಾ?” ಎಂದಳು ಲೋಲಾಕ್ಷಿ. ಆಶ್ಚರ್ಯ ಪಡಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

“ಮಯ್ಯತ್ತಿನ ದಿನ, ಹೆಣ ಎತ್ತಿದ ದಿನ, ಸತ್ತವರ ಐಬು ತೆಗೀಬಾರ್ದು ಭಾಭಿ. ಎಲ್ಲರೂ ಹೊಗಳ್ತಾ ಇದ್ದಾರೆ. ಆ ಮನುಷ್ಯ ನೆಲಕ್ಕೆ ಬಿದ್ದು ಕೈ ಮುಗಿದ್ರು. ನೀವು ಹೀಗೆ ಹೇಳಿ: ಹೋದ ತಿಂಗಳು ಸುದ್ದಿ ಬಂತು, ಅಕ್ಕ ತೀರಿಕೊಂಡ್ರು, ಅದನ್ನು ನಿಮಗೆ ಹೇಳುವ ಮೊದ್ಲು ನನ್ನ ಗಂಡನೂ ಹೋದ್ರು. ಖಲಾಸ್. ಅವರು ನದಿಗೂ ಹೋಗುದಿಲ್ಲ, ಭಾಯಿ ಹೆಸರೂ ಉಳೀತದೆ.”

ಚೆಂದದ ಉಪಾಯವೇ. ಸರ್ವೋತ್ತಮ ಬದುಕಿದ್ದರೆ ಕುಣಿದು ಒಪ್ಪಿಕೊಳ್ಳುತ್ತಿದ್ದ. ಲೋಲಾಕ್ಷಿ ಅದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದಳು. ಸಲೀಸಾಗಿ ಬಂತು. ಹೀಗೆ ಸಲೀಸಾಗಿ ಬಂದದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

“ಅದೂ ಒಂದು ಮೆಟ್ಟಿಲೇ ಅಲ್ವಾ ಇಸ್ಮತ್ ಭಾಯಿ? ಆ ತಾಯಿ ಬಟ್ಟಲು ಎತ್ತಿಟ್ಟಳಂತೆ. ಆ ಹೆಂಗಸು ಹಸಿವಿನಲ್ಲಿ ಸತ್ತದ್ದು. ಸತ್ತ ಮೇಲೆ ಸಿಗ್ತಿದ್ದ ಒಂದು ಮುಷ್ಟಿ ಅನ್ನವನ್ನೂ ನಮ್ಮವರು ತಪ್ಪಿಸಿದ್ರು.”

“ನಿಮ್ಮ ಗಂಡ ಭಾಭಿ.”

“ನನ್ನ ಗಂಡ. ಅದಕ್ಕೇ.”

*

ಊರಿನಲ್ಲಾದರೆ ಸತ್ತವರಿಗೆ ಬಡಿಸುವುದು ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಹೊತ್ತಿಗೆ, ಅದಕ್ಕೊಂದು ದಿನ, ಕ್ರಮ, ಹಿರಿಯರು ಉಂಟು. ನಾಳೆ ಬೂದಿ ಹಿಡಿದು ಮಂಗಳೂರಿಗೆ ವಿಮಾನ ಹತ್ತಬೇಕು. ಗಂಡನ ವೀಸಾದ ಜೊತೆ ಅವಳ ವೀಸಾವೂ ಹೋಯಿತು. ಆದರೆ ಅಷ್ಟು ವರ್ಷ ಇಲ್ಲಿಯ ಅನ್ನ ಉಂಡವನು ಇಲ್ಲಿಂದ ಖಾಲಿ ಹೊಟ್ಟೆಯಲ್ಲಿ ಹೊರಡುವುದು ಬೇಡ, ಕ್ರಮ ತಪ್ಪಿದರೆ ತಪ್ಪಲಿ ಎಂದು ಲೋಲಾಕ್ಷಿ ಹಠ ಹಿಡಿದಿದ್ದಳು. ಲತೇಶ್ ಮೆಸ್ಸಿನಲ್ಲೇ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿಸಿ ತಂದಿದ್ದ. ಮಲಗುವ ಕೋಣೆಯ ಮಂಚವನ್ನು ಗೋಡೆಗೆ ಒತ್ತಿ ನೆಲ ಒರೆಸಿದರು. ದೀಪ ಹಚ್ಚಿದರು. ಬಾಳೆಲೆ ಹಾಕಿದರು.

ಲೋಲಾಕ್ಷಿ ಗೋಡೆ ಹಿಡಿದು ಕುಳಿತು ಬಡಿಸಿದಳು. ಅನ್ನ, ಸಾರು, ಅವನಿಗೆ ಇಷ್ಟದ ಬಾಲದ ತುಂಡು, ಒಂದು ಲೋಟ ನೀರು. ಹಾನ್ ಸಾಹೇಬರು ಬಾಗಿಲ ಬಳಿ ಕೈ ಕಟ್ಟಿ ನಿಂತು ನೋಡುತ್ತಿದ್ದರು. ಇದು ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

“ಇನ್ನು ಎಲ್ಲರೂ ಹೊರಗೆ ಬನ್ನಿ, ಬಾಗಿಲು ಹಾಕುವ,” ಎಂದ ಲತೇಶ್. “ಅವರು ಉಣ್ಲಿ.”

“ನಿಲ್ಲು,” ಎಂದಳು ಲೋಲಾಕ್ಷಿ. “ಇನ್ನೊಂದು ಎಲೆ ಕೊಡು.”

“ಇನ್ನೊಂದಾ? ಯಾರಿಗೆ ಅಕ್ಕ?”

“ಕೊಡು ನೀನು.”

ಎರಡನೆಯ ಎಲೆಯನ್ನು ಗಂಡನ ಎಲೆಯ ಪಕ್ಕದಲ್ಲಿ ಹಾಸಿದಳು. ನೀರು ಚಿಮುಕಿಸಿ ಒರೆಸಿದಳು. ಅನ್ನ ಹಾಕಿದಳು. ಸಾರು ಬಡಿಸಿದಳು. ಬಾಗಿಲಾಚೆ ಇಸ್ಮತುಲ್ಲಾ ಮುಖ ತಿರುಗಿಸಿಕೊಂಡ.

ಹಾನ್ ಸಾಹೇಬರು ಮೆಲ್ಲಗೆ ಕೇಳಿದರು. ಅಶ್ಮಿತಾ ಅದನ್ನು ಕನ್ನಡಕ್ಕೆ ತರಲಿಲ್ಲ. ತರಬೇಕಾಗಿಯೂ ಇರಲಿಲ್ಲ.

ಲೋಲಾಕ್ಷಿ ತನಗೆ ಬರುವ ಇಂಗ್ಲಿಷಿನಲ್ಲೇ ಹೇಳಿದಳು. “ಯುವರ್ ಸಿಸ್ಟರ್.”

ಹಾನ್ ಸಾಹೇಬರು ಕಟ್ಟಿದ ಕೈ ಬಿಟ್ಟು ಒಳಗೆ ಬಂದರು.

“ವೆನ್?”

“ಲಾಂಗ್ ಬ್ಯಾಕ್. ಯು ಆಸ್ಕ್ ಹಿಮ್, ದಟ್ ಟೈಮ್ ಆಲ್ಸೋ ನಾಟ್ ದೇರ್. ಹಂಗ್ರಿ ಟೈಮ್, ಶಿ ಡೈಡ್. ಮೈ ಹಸ್ಬೆಂಡ್ ಟೋಲ್ಡ್ ಲೈ.” ಅವಳು ಉಸಿರು ಎಳೆದುಕೊಂಡಳು. “ಐ ನೋ. ಐ ಆಲ್ಸೋ ನಾಟ್ ಟೋಲ್ಡ್.”

ಹಾನ್ ಸಾಹೇಬರು ತಲೆ ಅಲ್ಲಾಡಿಸಿದರು. ಇಲ್ಲ, ಇಲ್ಲ ಎಂದು ಬಹಳ ಹೊತ್ತು ಅಲ್ಲಾಡಿಸುತ್ತಲೇ ಇದ್ದರು. ಅವರು ತಮ್ಮ ಮಂಡಿಯನ್ನು ತಟ್ಟಿ ತೋರಿಸಿದರು, ಮೆಟ್ಟಿಲು ಇಳಿಯುವಂತೆ ಕೈ ಮಾಡಿದರು. ಹಾಗಾದರೆ ಇದು? ಈ ನೋವು? ಆ ಮಗಳು?

ಲೋಲಾಕ್ಷಿ ಎದ್ದು ನಿಲ್ಲಲು ಹೋಗಿ, ಆಗದೆ, ಗೋಡೆ ಹಿಡಿದು ಅಡ್ಡಕ್ಕೆ ವಾಲಿ ಅರ್ಧ ಎದ್ದಳು. ಆಮೇಲೆ ತನ್ನ ಮಂಡಿಯ ಮೇಲೆ ಕೈಯಿಟ್ಟು, ಆ ಕೈಯಿಂದಲೇ ಅಶ್ಮಿತಾಳನ್ನು ತೋರಿಸಿದಳು.

ಮುದುಕರು ಅವಳನ್ನೇ ನೋಡಿದರು. ಒಂಬತ್ತು ವರ್ಷ ಅವರು ಕೇಳಿ ಕೇಳಿ ಪ್ರೀತಿಸಿದ ಅಕ್ಕ ಅವರ ಎದುರಿಗೇ ನಿಂತಿದ್ದಳು, ಮತ್ತು ಅವಳು ಅವರ ಅಕ್ಕನಾಗಿರಲಿಲ್ಲ. ಅವರ ಮುಖ ಕುಸಿದದ್ದನ್ನು ಲೋಲಾಕ್ಷಿ ಕಣ್ಣು ತಪ್ಪಿಸದೆ ನೋಡಿದಳು. ತನ್ನ ಗಂಡ ನೋಡಲಾರದೆ ಓಡಿಹೋದದ್ದು ಇದರಿಂದಲೇ ಎಂದು ಅವಳಿಗೆ ಗೊತ್ತಾಯಿತು, ಅವನ ಮೇಲೆ ಸಿಟ್ಟೂ ಬಂತು, ಅವನಿಲ್ಲ ಎಂದು ಹೊಟ್ಟೆಯೂ ಉರಿಯಿತು.

ಹಾನ್ ಸಾಹೇಬರು ತಿರುಗಿ ಹೊರಗೆ ನಡೆದರು. ಹಾಲಿನಲ್ಲಿದ್ದವರು ದಾರಿ ಬಿಟ್ಟರು. ಹೋದರು, ಮುಗಿಯಿತು ಎಂದುಕೊಂಡರು ಎಲ್ಲರೂ. ಆದರೆ ಮುಂಬಾಗಿಲು ತೆರೆದ ಸದ್ದಾಗಲಿಲ್ಲ. ಅಡುಗೆಮನೆಯ ಡ್ರಾಯರ್ ಎಳೆದ ಸದ್ದಾಯಿತು. ಪಾತ್ರೆ ತಡಕಿದ ಸದ್ದಾಯಿತು.

ಅವರು ಒಂದು ಸ್ಟೀಲಿನ ಚಮಚ ಹಿಡಿದು ಬಂದು ಎರಡನೆಯ ಎಲೆಯ ಮುಂದೆ ಮೊಣಕಾಲೂರಿದರು. ಅನ್ನದ ರಾಶಿಯ ನಡುವೆ, ಅವರ ಕಡೆ ಸತ್ತವರಿಗೆ ನಿಲ್ಲಿಸುವ ಹಾಗೆ, ಚಮಚವನ್ನು ನೆಟ್ಟಗೆ ಊರಿದರು. ಕುಚ್ಚಲಕ್ಕಿ ಅನ್ನ, ಅಗುಳಿಗೆ ಅಗುಳು ಅಂಟುವುದಿಲ್ಲ. ಚಮಚ ವಾಲಿ ಎಲೆಯ ಮೇಲೆ ಬಿತ್ತು. ಮತ್ತೆ ಊರಿದರು. ಮತ್ತೆ ಬಿತ್ತು.

ಲೋಲಾಕ್ಷಿ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಇನ್ನೊಂದು ಸೌಟು ಅನ್ನ ಹಾಕಿದಳು, ಮತ್ತೂ ಒಂದು ಹಾಕಿದಳು. ಅವರು ಚಮಚ ಹಿಡಿದರು. ಅವಳು ಎರಡೂ ಕೈಯಿಂದ ಅದರ ಬುಡಕ್ಕೆ ಅನ್ನ ಒತ್ತುತ್ತ ಹೋದಳು.